ನಾಲ್ಕು ಮಂದಿಯ ನಾಲ್ಕು ಟೈರು

ನಂದೀಶನ ಆ ದಿನದ ಫಜೀತಿಗೆಲ್ಲ ಕಾರಣ ಹಲ್ಲುಜ್ಜುವ ಪೇಸ್ಟು. ಬೆಳಿಗ್ಗೆ ಏಳೂವರೆಗೆ ಅವನು ಬೆಟಗೇರಿಯ ತನ್ನ ಮನೆಯ ಕಟ್ಟೆಯ ಮೇಲೆ ಬಾಯಿತುಂಬ ನೊರೆ ತುಂಬಿಕೊಂಡು ನಿಂತಿದ್ದಾಗ ಗಾಳಿಯಂತ್ರದ ಕಂಪನಿಯ ಎಂಜಿನಿಯರ್ ಸುಶ್ಮಿತಾ ಮೇಡಂ ಫೋನ್ ಮಾಡಿದರು.

"ನಂದೀಶ ಅವರೇನ್ರಿ? ಇವತ್ತ ಸಂಜಿ ನಾಕಕ್ಕ ನಿಮ್ಮ ಜೀಪು ನೋಡ್ತೀನಿ. ಪಾಸಾತಂದ್ರ ತಿಂಗಳ ಬಾಡಿಗಿಗೆ ನಿಮ್ಮದ ಗಾಡಿ. ಎಲ್ಲಿಗೆ ಬರಬೇಕಂತ ಮಧ್ಯಾಹ್ನ ಹೇಳ್ತೀನಿ. ಒಂದ ಮಾತು ನೆನಪಿಡ್ರಿ, ಜಾಗಾಕ್ಕ ತಕ್ಕ ಟೈರು ಇರಬೇಕು. ಆತಿಲ್ರಿ?"

ಯಾವ ಜಾಗ ಎಂದು ಕೇಳಬೇಕಿತ್ತು. ಆದರೆ ನೊರೆ ತುಂಬಿದ ಬಾಯಿಂದ "ಹ್ಞೂಂ" ಎನ್ನುವುದೊಂದೇ ಸಾಧ್ಯವಾಯಿತು. ಅವನು ಉಗುಳಿ ಬರುವಷ್ಟರಲ್ಲಿ ಫೋನು ಕಟ್ಟಾಗಿತ್ತು.

"ತಿರುಗಿ ಫೋನ್ ಮಾಡಿ ಯಾವೂರು ಅಂತ ಕೇಳ್ರೀ" ಎಂದಳು ಹೆಂಡತಿ ಕಾಂಚನಾ, ಒಳಗಿನಿಂದಲೇ.

"ಕೇಳಿದ್ರ ಇಂವಗ ಏನೂ ತಿಳಿಯಂಗಿಲ್ಲ ಅಂದ್ಕೋತಾರಲೇ."

"ತಿಳಿಯಂಗಿಲ್ಲಲ್ಲ ಮತ್ತ?"

ನಂದೀಶ ಮುಖ ತೊಳೆದುಕೊಂಡ. ಅವನ ಸಂಕಟ ಬೇರೆಯೇ ಇತ್ತು. ಅಪ್ಪ ಬಿಟ್ಟುಹೋದ ಜೀಪು ಅದು. ಹತ್ತು ವರ್ಷ ಮದುವೆ ದಿಬ್ಬಣ, ಮುಂಡರಗಿ ಸಂತೆ, ಶಿರಹಟ್ಟಿ ಬಾಡಿಗೆ ಎಂದು ಅದರಲ್ಲೇ ರಾಜನ ಹಾಗೆ ತಿರುಗಿದವನು. ಈಗ ಮನೆಮನೆಗೂ ಗಾಡಿ ಬಂದು ಬಾಡಿಗೆ ನಿಂತಿತ್ತು. ಹೋದ ವಾರ ಕಾಂಚನಾ ಕೊನೆಯ ಮಾತು ಹೇಳಿಬಿಟ್ಟಿದ್ದಳು: ಈ ಕಂಪನಿಯ ಕೆಲಸ ಸಿಕ್ಕರೆ ಸರಿ, ಇಲ್ಲವಾದರೆ ಲಕ್ಷ್ಮೇಶ್ವರದಲ್ಲಿರುವ ತನ್ನ ತಮ್ಮ ಕೊಟ್ರೇಶನ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಕುಳಿತು ಪಾತ್ರೆಗಳ ಮೇಲೆ ಹೆಸರು ಕೊರೆಯುವುದು. ನಂದೀಶ ಒಮ್ಮೆ ಮೂರು ದಿನ ಆ ಕೆಲಸ ಮಾಡಿದ್ದ. ಕುರ್ರ್ ಎಂಬ ಆ ಮಷೀನಿನ ಸದ್ದು ನೆನೆದರೆ ಈಗಲೂ ಅವನ ದವಡೆ ಜುಮ್ಮೆನ್ನುತ್ತಿತ್ತು. ಹೆಂಡತಿಯ ತಮ್ಮನ ಕೈಕೆಳಗೆ ಕುಳಿತು ಊರವರ ಬಟ್ಟಲಿಗೆ ಹೆಸರು ಬರೆಯುವುದಕ್ಕಿಂತ ಸನ್ಯಾಸ ವಾಸಿ ಎಂಬುದು ಅವನ ಖಚಿತ ಅಭಿಪ್ರಾಯ.

ಟೈರಿನ ಸುದ್ದಿ ಓಣಿಯಲ್ಲಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ಬಂದವರು ಪಕ್ಕದ ಮನೆಯ ಹೇಮಪ್ಪ ಕಾಕಾ. ಮೂವತ್ತು ವರ್ಷ ಮಣ್ಣು ಪರೀಕ್ಷೆಯ ಕಚೇರಿಯಲ್ಲಿದ್ದು ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟರೂ ಮಣ್ಣು ಬಿಟ್ಟಿರಲಿಲ್ಲ. ಮಿಠಾಯಿ ಡಬ್ಬಿಯಲ್ಲಿ ಮೂರು ಪೊಟ್ಟಣ ಹಿಡಿದೇ ಬಂದಿದ್ದರು.

"ನೋಡೋ ನಂದೀಶ, ಇದು ಗದಗ ಸುತ್ತಲಿನ ಎರಿ, ಕರೀ ಮಣ್ಣು. ಇದು ಮುಂಡರಗಿ ಕಡೀ ಮಸಾರಿ, ಕೆಂಪ ಮಣ್ಣು. ಇದು ಕಪ್ಪತಗುಡ್ಡದ ಕಲ್ಲ. ಮೂರೊಳಗ ಮನುಷ್ಯಾನ ಸೊಕ್ಕು ಇಳಸೋದು ಎರಿ ಒಂದ. ದೊಡ್ಡ ಹಲ್ಲಿನ ಟೈರು ಹಾಕ್ಸು. ಬ್ಯಾರೆ ಮಾತ ಬ್ಯಾಡ."

ಮಾತು ಮುಗಿಯುವುದಕ್ಕೂ ಲಕ್ಷ್ಮೇಶ್ವರದ ಬಸ್ಸಿಳಿದು ಕೊಟ್ರೇಶ ಬರುವುದಕ್ಕೂ ಸರಿಹೋಯಿತು. ಅಕ್ಕನ ಮನೆಗೆ ಬೆಳಿಗ್ಗೆ ಬೆಳಿಗ್ಗೆ ಯಾಕೆ ಬಂದನೆಂದು ಅವನು ಹೇಳಲಿಲ್ಲ, ಅಂಗಡಿಗೆ ಒಬ್ಬ ಆಳು ಸಿಗುತ್ತಾನೋ ಇಲ್ಲವೋ ಎಂದು ನೋಡಲು ಬಂದವನ ಹಾಗೆ ಮಾತ್ರ ಕಾಣುತ್ತಿದ್ದ. ಮೊಬೈಲಿನಲ್ಲಿ ಜಗತ್ತಿನ ಜೀಪುಗಳನ್ನೆಲ್ಲ ನೋಡಿ ಮುಗಿಸಿದವನು.

"ಮಾಮಾ, ಕಲ್ಲಿನ ಟೈರು ಹಾಕಸ್ರಿ. ಬಗಲಾಗ ದಪ್ಪ ಇರ್ತಾವ. ನಿನ್ನಿ ವಿಡಿಯೋದಾಗ ನೋಡೀನಿ, ಜೀಪು ಗ್ವಾಡಿ ಹತ್ತತೈತಿ!"

"ಗ್ವಾಡಿ ಹತ್ತಿ ಏನ್ ಮಾಡೋದೋ?" ಎಂದರು ಹೇಮಪ್ಪ.

"ಇಳಿಯೋದು ಕಾಕಾ" ಎಂದ ಕೊಟ್ರೇಶ.

ಈ ಜಗಳವನ್ನು ನಂದೀಶ ಜೀಪಿನಲ್ಲಿ ಹೇರಿಕೊಂಡು ಶೇಖಸಾಬ ಚಾಚಾನ ಟೈರು ಅಂಗಡಿಗೆ ಹೋದ. ತಾಯಿ ಸಾವಿತ್ರೆವ್ವನೂ ಹಿಂದೆ ಹತ್ತಿ ಕುಳಿತಳು. ಗಂಡನ ಜೀಪಿಗೆ ಏನು ಮಾಡುತ್ತಾರೋ ಎಂಬ ಆತಂಕ ಆಕೆಗೆ.

ಶೇಖಸಾಬ ಚಾಚಾ ನಂದೀಶನ ಅಪ್ಪನ ಕಾಲದ ಗೆಳೆಯ. ಗಡ್ಡ ಬೆಳ್ಳಗಾದರೂ ಅಂಗೈ ಮಾತ್ರ ಇಂದಿಗೂ ಕಪ್ಪು. ಮೂರು ನಮೂನೆಯ ಟೈರುಗಳನ್ನು ಉರುಳಿಸಿಕೊಂಡು ಬಂದು ಸಾಲಾಗಿ ನಿಲ್ಲಿಸಿದ. ಕನ್ಯೆ ನೋಡಲು ಬಂದವರ ಹಾಗೆ ನಾಲ್ವರೂ ಬೆಂಚಿನ ಮೇಲೆ ಕುಳಿತರು, ಚಹಾ ಬಂತು.

"ಕೇಳು ಬೇಟಾ. ಇದು ಎರಿಗೆ. ಹಲ್ಲು ದೊಡ್ಡದು, ನಡುವ ಸಂದಿ ಅಗಲ. ತಿರುಗಿದಾಗ ಮಣ್ಣು ಹೊರಗ ಬೀಳಬೇಕಲ್ಲ, ಅದಕ್ಕ. ಇದು ಗುಡ್ಡಕ್ಕ. ಚೂಪಗಲ್ಲು ಬಗಲಿಗೆ ಚುಚ್ಚತಾವಂತ ಬಗಲು ದಪ್ಪ. ಇದು ಮಸಾರಿಗೆ, ಕಡಿ ರಸ್ತಾಕ್ಕ, ಡಾಂಬರಿಗೂ ನಡೀತೈತಿ. ಖರೆ ಹೇಳ್ಲ್ಯಾ? ನಿನಗ ನಾಕೂ ಈ ಮಸಾರೀದ ಸಾಕು. ಗಾಳಿ ಒಂಚೂರು ಕಮ್ಮಿ ಇಡು, ಸಾವಕಾಶ ಹೊಡಿ."

"ಎರಿ ಬಂತಂದ್ರ?" ಹೇಮಪ್ಪ ಮುಂದೆ ಬಾಗಿದರು.

"ಎರಿ ಒಣಗಿದ್ರ ಇದರಾಗ ಹೋಗ್ತೀರಿ. ಹಸಿ ಇತ್ತಂದ್ರ ಯಾವ ಟೈರೂ ಬ್ಯಾಡ. ರಸ್ತಾದಾಗ ಗಾಡಿ ನಿಲ್ಲಿಸಿ, ಚಪ್ಪಲಿ ಕೈಯಾಗ ಹಿಡಕೊಂಡು ನಡಕೊಂತ ಹೋಗೋದು."

ಬೆಂಚಿನವರೆಲ್ಲ ಗೊಳ್ಳೆಂದು ನಕ್ಕರು. ನಡೆದುಕೊಂಡು ಹೋಗು ಎನ್ನುವ ಟೈರು ವ್ಯಾಪಾರಿಯನ್ನು ಯಾರಾದರೂ ಕಂಡಿದ್ದಾರೆಯೇ! ನಂದೀಶನೂ ನಕ್ಕ. ಆಮೇಲೆ ಈ ನಗುವಿನ ನೆನಪು ಅವನನ್ನು ಬಹಳ ದಿನ ಕಾಡಿತು.

"ದೊಡ್ಡ ಹಲ್ಲಿನದು" ಎಂದರು ಹೇಮಪ್ಪ.

"ಕಲ್ಲಿಂದು" ಎಂದ ಕೊಟ್ರೇಶ.

"ಯಾವದರ ಹಾಕಸ್ರಿ" ಎಂದಳು ಸಾವಿತ್ರೆವ್ವ, ಸೆರಗಿನಿಂದ ಮೂಗು ಒರೆಸುತ್ತ, "ಆದ್ರ ಹಿಂದಿನ ಎಡಗಾಲಿ ಟೈರು ಮುಟ್ಟಬ್ಯಾಡ್ರಿ. ಅದು ನಂದ್ಯಾನ ಅಪ್ಪ ತನ್ನ ಕೈಲೆ ಹಾಕಿದ್ದು. ಅವರ ಕೈಗುಣದಿಂದನ ಇಷ್ಟ ದಿನ ಮನಿ ನಡದೈತಿ."

"ಅಕ್ಕಾ, ಅದರಾಗ ಹಲ್ಲ ಉಳಿದಿಲ್ಲ. ನನ್ನ ಬಾಯಿಗಿಂತ ಬೋಳ ಐತಿ" ಎಂದ ಚಾಚಾ.

"ಕೈಗುಣಕ್ಕ ಹಲ್ಲ ಯಾಕ ಬೇಕೋ ಶೇಖಣ್ಣ?"

ಇಲ್ಲಿ ನಂದೀಶನ ಸ್ವಭಾವ ಹೇಳಿಬಿಡಬೇಕು. ಅವನಿಗೆ ಹಿರಿಯರ ಮಾತು ತೆಗೆದುಹಾಕುವ ಧೈರ್ಯ ಹುಟ್ಟಿದಾಗಿನಿಂದ ಇಲ್ಲ. ಹೇಮಪ್ಪ ಕಾಕಾ ಅವನ ಮದುವೆಗೆ ಮುಂದೆ ನಿಂತು ಕನ್ಯೆ ಕೇಳಿದವರು. ಕೊಟ್ರೇಶ ಹೆಂಡತಿಯ ತಮ್ಮ, ನಾಳೆ ಒಡೆಯನಾಗಲೂಬಹುದು. ಶೇಖಸಾಬ ಚಾಚಾ ಅಪ್ಪನ ಗೆಳೆಯ. ತಾಯಿಯಂತೂ ತಾಯಿ. ನಾಲ್ವರಲ್ಲಿ ಒಬ್ಬರ ಟೈರು ಹಾಕಿದರೆ ಮೂವರ ಮನಸ್ಸು ನೋಯುತ್ತದೆ. ನಂದೀಶ ಜೀಪನ್ನು ನೋಡಿದ. ಗಾಲಿಯೂ ನಾಲ್ಕೇ ಇದ್ದವು. ದೇವರು ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿಟ್ಟಂತೆ ಅವನಿಗೆ ತೋರಿತು.

"ಯಾರ ಮನಸ್ಸೂ ನೋಯೋದ ಬ್ಯಾಡ" ಎಂದ. "ಒಬ್ಬೊಬ್ಬರದು ಒಂದೊಂದ ಹಾಕೂಣು."

ಹೇಮಪ್ಪ ಅವನ ಬೆನ್ನು ತಟ್ಟಿದರು. "ಮನೆತನಸ್ಥನ ಮಗ ಅಂದ್ರ ಇಂವ!" ಸಾವಿತ್ರೆವ್ವನ ಕಣ್ಣಲ್ಲಿ ನೀರು ಬಂತು. ಚಾಚಾ ಒಬ್ಬನೇ ತಲೆಯ ಮೇಲೆ ಕೈ ಇಟ್ಟುಕೊಂಡ.

"ಒಂದ ಅಚ್ಚಿಗೆ ಎರಡ ನಮೂನಿ ಟೈರಾ? ಯಾ ಅಲ್ಲಾ! ಬೇಟಾ, ಹಾಕಿ ಕೊಡ್ತೀನಿ. ಆದ್ರ ಶೇಖಸಾಬ ಹಾಕಿದ್ದು ಅಂತ ಯಾರ ಮುಂದೂ ಹೇಳಬ್ಯಾಡ."

ಹನ್ನೊಂದಕ್ಕೆಲ್ಲ ಕೆಲಸ ಮುಗಿಯಿತು. ಮುಂದೆ ಬಲಕ್ಕೆ ಹೇಮಪ್ಪನ ದೊಡ್ಡ ಹಲ್ಲು, ಎಡಕ್ಕೆ ಕೊಟ್ರೇಶನ ಕಲ್ಲಿನದು. ಹಿಂದೆ ಬಲಕ್ಕೆ ಚಾಚಾನ ಮಸಾರಿ, ಎಡಕ್ಕೆ ಅಪ್ಪನ ಬೋಳು. ಜೀಪು ಒಂದು ಕಡೆ ಎದ್ದು ಒಂದು ಕಡೆ ಕುಳಿತು, ಯಾರನ್ನೋ ಓರೆಗಣ್ಣಿನಿಂದ ನೋಡುವಂತೆ ನಿಂತಿತ್ತು.

ಮನೆಯ ಮುಂದೆ ಪೂಜೆ ಆಯಿತು. ಸಾವಿತ್ರೆವ್ವ ಜೀಪಿನ ಮೂತಿಗೆ ಚೆಂಡು ಹೂವಿನ ಹಾರ ಹಾಕಿ, ಕಾಯಿ ಒಡೆಸಿ, ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು ಇಟ್ಟಳು. ನಂದೀಶ ಗಾಡಿ ಮುಂದೆ ಬಿಟ್ಟ. ಪಚಕ್, ಪಚಕ್, ಪಚಕ್. ಮೂರೇ ಸದ್ದು. ನಾಲ್ಕನೆಯ ಲಿಂಬೆಹಣ್ಣು ಹೇಮಪ್ಪನ ಟೈರಿನ ಎರಡು ಹಲ್ಲುಗಳ ಸಂದಿಯಲ್ಲಿ ಒಂದು ಗೀರೂ ಇಲ್ಲದೆ ಸಿಕ್ಕಿಕೊಂಡು ಕುಳಿತಿತ್ತು.

"ಅಯ್ಯ ಶಿವನ! ಲಿಂಬಿಹಣ್ಣು ಒಡೀಲಿಲ್ಲಲ್ಲೋ!" ಸಾವಿತ್ರೆವ್ವ ಎದೆ ಹಿಡಿದುಕೊಂಡಳು.

"ನೋಡ್ದ್ಯಾ? ನನ್ನ ಟೈರಿಗೆ ಎಷ್ಟ ಸಂದಿ ಐತಿ ಅಂತ!" ಹೇಮಪ್ಪ ಮೀಸೆ ತಿರುವಿದರು.

ಕೀಳಲು ನೋಡಿದರೆ ಬರಲಿಲ್ಲ. ಇರಲಿ ಬಿಡು ಎಂದರು. ಎರಡು ಗಂಟೆಗೆ ಮೇಡಂ ಫೋನು ಬಂತು: ಅಂತೂರ ಬೆಂತೂರ, ಊರ ಹೊರಗಿನ ಮೂರನೆಯ ಫ್ಯಾನಿನ, ಎಂದರೆ ಗಾಳಿಯಂತ್ರದ ಕೆಳಗೆ.

"ಎರಿ!" ಹೇಮಪ್ಪ ಕುಣಿದೇಬಿಟ್ಟರು. "ನಾ ಹೇಳಿದ್ದಿಲ್ಲೇನು?"

"ನಿನ್ನಿ ಆ ಕಡೆ ಜೋರ ಮಳಿ ಆಗೇತಂತ್ರಿ" ಎಂದಳು ಕಾಂಚನಾ ಗಂಡನ ಹತ್ತಿರ ಬಂದು, ಮೆಲ್ಲಗೆ. "ಚಾಚಾ ಅಂದಂಗ ರಸ್ತಾದಾಗ ನಿಲ್ಲಿಸ್ರಿ. ನಡಕೊಂಡು ಹೋಗಿ ಮಾತಾಡಿ ಬರ್ರಿ. ಜೀಪು ಉಳೀಲಿ ಅಂತ ನನಗೂ ಆಸಿ ಐತ್ರಿ."

ನಂದೀಶನಿಗೆ ಒಂದು ಗಳಿಗೆ ಹೆಂಡತಿಯ ಮಾತು ಸರಿಯೆನಿಸಿತು. ಅಷ್ಟರಲ್ಲಿ ಹೇಮಪ್ಪ ಮುಂದೆ, ಕೊಟ್ರೇಶ ಹಿಂದೆ ಹತ್ತಿ ಕುಳಿತಾಗಿತ್ತು. ಯಾರ ಟೈರು ಗೆಲ್ಲುತ್ತದೆಂದು ಕಣ್ಣಾರೆ ನೋಡಬೇಕಾಗಿತ್ತು ಅವರಿಗೆ.

ಹುಲಕೋಟಿಯ ತನಕ ಡಾಂಬರಿನ ಮೇಲೆ ಜೀಪು ಹೋದ ಚಂದವನ್ನು ನೋಡಿದವರೇ ನೋಡಬೇಕು. ದೊಡ್ಡ ಹಲ್ಲು ಹೂಂಕರಿಸುತ್ತಿತ್ತು, ಬೋಳು ಟೈರು ಸಿಳ್ಳೆ ಹಾಕುತ್ತಿತ್ತು. ಸ್ಟೇರಿಂಗು ಬಿಟ್ಟರೆ ಸಾಕು, ಗಾಡಿ ಎಡಕ್ಕೆ ಓಡುತ್ತಿತ್ತು. ನಂದೀಶ ಹಗ್ಗ ಕಿತ್ತುಕೊಳ್ಳುವ ಹೋರಿಯನ್ನು ಹಿಡಿದವನ ಹಾಗೆ ಎರಡೂ ಕೈಯಿಂದ ಬಲಕ್ಕೆ ಜಗ್ಗಿಕೊಂಡೇ ಅಂತೂರ ಬೆಂತೂರ ಮುಟ್ಟಿದ. ತೋಳುಗಳು ಬಿದ್ದುಹೋಗಿದ್ದವು.

ರಸ್ತೆಯಿಂದ ಫ್ಯಾನಿಗೆ ಹೊಲದ ನಡುವೆ ಮುನ್ನೂರು ಹೆಜ್ಜೆ ದಾರಿ. ಮಳೆ ಕುಡಿದ ಎರೆಮಣ್ಣು ಹೊಸದಾಗಿ ಎಣ್ಣೆ ಹಚ್ಚಿದ ತಲೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ನಂದೀಶ ರಸ್ತೆಯಲ್ಲೇ ಬ್ರೇಕು ಹಾಕಿದ. ದೂರದಲ್ಲಿ ಫ್ಯಾನಿನ ಕೆಳಗೆ ನಿಂತಿದ್ದ ಮೇಡಂ ಎರಡೂ ಕೈ ಎತ್ತಿ ಜೋರಾಗಿ ಬೀಸುತ್ತಿದ್ದರು.

"ಕರಿಯಾಕತ್ತಾರ ನೋಡೋ, ಇಳಸು!" ಎಂದರು ಹೇಮಪ್ಪ.

"ಕಾಕಾ, ಹಸಿ ಐತಿ..."

"ನನ್ನ ಟೈರು ಇದ್ದಾಗ ನಿನಗ್ಯಾಕ ಚಿಂತಿ?"

"ನಂದೂ ಐತಿ ಮಾಮಾ, ಜಲ್ದಿ ಹೊಡೀರಿ" ಎಂದ ಕೊಟ್ರೇಶ.

ಹಿರಿಯರ ಮಾತಿಗೆ ಎದುರಾಡದ ನಂದೀಶ ಕಣ್ಣು ಮುಚ್ಚಿ ಜೀಪು ಇಳಿಸಿದ. ನಲವತ್ತು ಹೆಜ್ಜೆ ನಿಜಕ್ಕೂ ಚೆನ್ನಾಗಿ ಹೋಯಿತು. ಆಮೇಲೆ ನಾಲ್ಕು ಟೈರುಗಳೂ ತಮ್ಮ ತಮ್ಮ ಯಜಮಾನರ ಗುಣ ತೋರಿಸಿದವು. ಹೇಮಪ್ಪನದು ಮಣ್ಣನ್ನು ಹೊರಗೆಸೆಯಿತು, ಮತ್ತು ಅದೆಲ್ಲವೂ ಮೇಲೆದ್ದು ನಂದೀಶನ ತಲೆ ದಾಟಿ ಬಂದು ಹೇಮಪ್ಪನ ಬಿಳಿ ಅಂಗಿಯ ಮೇಲೆಯೇ ಬಿತ್ತು. ಎಸೆಯುತ್ತ ಎಸೆಯುತ್ತ ಅದು ತನ್ನ ಕೆಳಗೇ ಬಾವಿ ತೋಡಿಕೊಂಡಿತು. ಕೊಟ್ರೇಶನದು ಸುತ್ತಲಿನ ಮಣ್ಣನ್ನೆಲ್ಲ ಮೈಗೆ ಮೆತ್ತಿಕೊಂಡು ಟೈರೋ ಬಂಡೆಯೋ ತಿಳಿಯದಂತಾಯಿತು. ಚಾಚಾನದು ಸುಮಾರಾಗಿ ಪ್ರಯತ್ನಿಸಿತು. ಅಪ್ಪನ ಕೈಗುಣದ ಗಾಲಿ ಇದ್ದಲ್ಲೇ ಗಿರಗಿರ ತಿರುಗಿತು. ಜೀಪು ಅರ್ಧ ಸುತ್ತು ಹಾಕಿ, ಬೆಟಗೇರಿಯ ಕಡೆ ಮುಖ ಮಾಡಿ, ಹೊಟ್ಟೆಯ ತನಕ ಕುಳಿತುಬಿಟ್ಟಿತು.

"ಆ ಕಲ್ಲಿನ ಟೈರಿನಿಂದನ ಹಿಂಗಾತು!" ಹೇಮಪ್ಪ ಕಣ್ಣಿನ ಮಣ್ಣು ಒರೆಸಿಕೊಂಡರು.

"ಬಾವಿ ತೋಡಿದ್ದು ಯಾರ ಟೈರು ಕಾಕಾ?"

ಜಗಳ ಕೇಳಿ ಹೊಲದ ಒಡೆಯ ಅಂದಪ್ಪಜ್ಜ ಬಂದ. ಅವನ ಹಿಂದೆ ಎರಡು ಎತ್ತುಗಳು, ಗುಡ್ಡದಂಥವು. ತೆರಬಂಡಿ ಪಂದ್ಯಕ್ಕೆಂದೇ ಸಾಕಿದವು. ತೆರಬಂಡಿ ಎಂದರೆ ಗಾಲಿ ತಿರುಗದಂತೆ ಕಟ್ಟಿದ ಬಂಡಿಯನ್ನು ಎತ್ತುಗಳಿಂದ ಎಳೆಸುವ ಪಂದ್ಯ. ಯಾರ ಎತ್ತು ಹೆಚ್ಚು ದೂರ ಎಳೆಯುತ್ತವೋ ಅವರು ಗೆದ್ದಂತೆ. ಆ ಊರಿನಲ್ಲಿ ಊಟ ಬಿಟ್ಟವರು ಸಿಕ್ಕಾರು, ತೆರಬಂಡಿ ಬಿಟ್ಟವರು ಸಿಗಲಾರರು.

ಅಂದಪ್ಪಜ್ಜ ಜೀಪಿನ ಸುತ್ತ ಒಮ್ಮೆ ನಡೆದ. ಬಗ್ಗಿ ಒಂದೊಂದೇ ಗಾಲಿ ನೋಡಿದ. ಅವನ ಮುಖ ಅರಳುತ್ತ ಬಂತು.

"ತಮ್ಮಾ, ಇಂಥಾ ಟೈರು ಯಾರ ಆರಿಸಿ ಕೊಟ್ರೋ? ನಾಕೂ ಒಂದೊಂದ ಕಡೆ ಜಗ್ಗತಾವಲ್ಲ! ನಮ್ಮ ತೆರಬಂಡಿ ಇದರ ಮುಂದ ಏನೂ ಅಲ್ಲ. ನೀ ಬ್ರೇಕ್ ಒತ್ತಿ ಹಿಡಿ."

"ಬಿಡಬೇಕಲ್ರಿ ಅಜ್ಜಾರ, ಹೊರಗ ಬರಬೇಕಂದ್ರ?"

"ಒತ್ತಂದ್ರ ಒತ್ತು! ಎತ್ತಿನ ಕಸು ತಿಳೀಬೇಕಲ್ಲ."

ಹಗ್ಗ ಕಟ್ಟಿದರು. ಐದು ನಿಮಿಷದಲ್ಲಿ ಬದುವಿನ ಮೇಲೆ ಅರ್ಧ ಊರು ನೆರೆಯಿತು. ಸಿಳ್ಳೆ, ಹಲಗೆಯ ಬಡಿತ, ಅಳೆಯಲು ಟೇಪು. ಎತ್ತುಗಳು ಮಂಡಿ ಊರಿ ಎದ್ದವು. ಜೀಪು ಪಿಚಕ್ಕೆಂದು ಕೆಸರಿನಿಂದ ಕಿತ್ತುಕೊಂಡು, ಜಾರುತ್ತ, ತೇಲುತ್ತ ಹೊರಟಿತು. ನಂದೀಶ ಬ್ರೇಕು ಒತ್ತಿ ಸ್ಟೇರಿಂಗು ಅಪ್ಪಿಕೊಂಡು ಕುಳಿತಿದ್ದ, ಹೇಮಪ್ಪ ಮಣ್ಣಿನ ಗಣಪತಿಯಂತೆ ಪಕ್ಕದಲ್ಲಿ. ರಸ್ತೆ ಮುಟ್ಟಿದಾಗ ಜನ ಟವೆಲ್ಲು ಹಾರಿಸಿದರು. ಯಾರೋ ಜೀಪಿನ ಹಾರ ಕಿತ್ತು ಎತ್ತಿನ ಕೊರಳಿಗೆ ಹಾಕಿದರು. ಆ ಗದ್ದಲದಲ್ಲಿ ಸುಶ್ಮಿತಾ ಮೇಡಂ ಬೂಟು ಕೈಯಲ್ಲಿ ಹಿಡಿದು, ಪ್ಯಾಂಟು ಮೊಣಕಾಲಿಗೆ ಮಡಚಿ, ಬರಿಗಾಲಲ್ಲಿ ಹೊಲ ದಾಟಿ ಬಂದರು.

"ಇಳೀಬ್ಯಾಡ್ರಿ, ಇಳೀಬ್ಯಾಡ್ರಿ ಅಂತ ಅಷ್ಟೊತ್ತು ಕೈ ಬೀಸೀನಲ್ರಿ!"

ನಂದೀಶ ಹೇಮಪ್ಪನ ಕಡೆ ನೋಡಿದ. ಹೇಮಪ್ಪ ಆಕಾಶದ ಕಡೆ ನೋಡಿದರು.

"ಮೇಡಮ್ಮಾರ, ಜಾಗಾಕ್ಕ ತಕ್ಕ ಟೈರು ಅಂದ್ರಿ..." ಎಂದ ನಂದೀಶ.

"ಅಂದೀನ್ರಿ. ನಾ ಶಿಗ್ಲಿಯ ರೈತನ ಮಗಳು. ಹಸಿ ಎರಿಯೊಳಗ ಯಾವ ಟೈರೂ ನಡಿಯಂಗಿಲ್ಲಂತ ನನಗ ಗೊತ್ತೈತಿ. ಡ್ರೈವರಗೆ ಗೊತ್ತೈತೇನಂತ ನೋಡಾಕನ ಇಲ್ಲಿಗೆ ಕರದಿದ್ದೆ. ರಸ್ತಾದಾಗ ಗಾಡಿ ನಿಲ್ಲಿಸಿ ನಡಕೊಂಡು ಬಂದಿದ್ರ, ಅಲ್ಲೇ ಸಹಿ ಮಾಡ್ತಿದ್ದೆ. ನೀವು ನಿಲ್ಲಿಸಿದ್ರಿ ನೋಡ್ರಿ, ಆವಾಗ ಪೆನ್ನ ತಗದಿದ್ದೆ."

ನಂದೀಶನಿಗೆ ಅಳು ಬಂದಿತು. ಅತ್ತೇಬಿಡುತ್ತಿದ್ದ, ಆದರೆ ಮೇಡಂ ಪೆನ್ನನ್ನು ಇನ್ನೂ ಒಳಗಿಟ್ಟಿರಲಿಲ್ಲ. ಅವರು ಎತ್ತುಗಳ ಕಡೆ ನೋಡುತ್ತಿದ್ದರು.

"ಅಜ್ಜಾರ, ಮಳಿಗಾಲದಾಗ ನಮ್ಮ ಸಾಮಾನು ಫ್ಯಾನಿನ ತನಕ ಮುಟ್ಟಸಾಕ ನಿಮ್ಮ ಎತ್ತು ತಿಂಗಳ ಲೆಕ್ಕದಾಗ ಸಿಗ್ತಾವೇನ್ರಿ?"

ಅಂದಪ್ಪಜ್ಜ ಎತ್ತಿನ ಬೆನ್ನಿನ ಮೇಲೆಯೇ ಕಾಗದ ಇಟ್ಟು ಸಹಿ ಹಾಕಿದ.

ಜೀಪು ಮನೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಕಾಂಚನಾ ಗಂಡನ ಮುಖ ನೋಡಿದಳು, ಕೊಡದಲ್ಲಿ ನೀರು ತಂದು ಗಾಲಿಯ ಮಣ್ಣು ತೊಳೆದಳು. ದೊಡ್ಡ ಹಲ್ಲಿನ ಸಂದಿಯಿಂದ ಲಿಂಬೆಹಣ್ಣು ಹೊರಗೆ ಬಿತ್ತು.

"ಇದೊಂದಕ್ಕ ಏನೂ ಆಗಿಲ್ಲ ನೋಡ್ರಿ" ಎಂದು ಒಳಗೆ ಹೋಗಿ ಅದನ್ನೇ ಹಿಂಡಿ ಶರಬತ್ತು ಮಾಡಿಕೊಟ್ಟಳು.

ಮರುವಾರ ನಂದೀಶ ಲಕ್ಷ್ಮೇಶ್ವರದ ಅಂಗಡಿಯಲ್ಲಿ ಕುಳಿತ. ಮೂರನೆಯ ದಿನವೇ ಅಂದಪ್ಪಜ್ಜ ಬೆಟಗೇರಿಯಲ್ಲಿ ಹೇಮಪ್ಪನನ್ನು ವಿಚಾರಿಸಿ ಹುಡುಕಿಕೊಂಡು ಬಂದ.

"ತಮ್ಮಾ, ಜೀಪು ಮಾರಿಲ್ಲಲ್ಲ? ಮಾರಬ್ಯಾಡ. ಅಮಾಸಿಗೊಮ್ಮೆ ನನ್ನ ಎತ್ತಿನ ತಾಲೀಮಿಗೆ ಬೇಕು. ಒಬ್ಬ ಡ್ರೈವರನೂ ಬೇಕು."

ನಂದೀಶ ಎದ್ದು ನಿಂತ. ಎಷ್ಟೋ ದಿನಗಳ ನಂತರ ಅವನ ಎದೆ ಹಗುರಾಯಿತು. "ನಾನ ಬರ್ತೀನ್ರಿ ಅಜ್ಜಾರ! ಎಲ್ಲಿಗೆ ಹೊಡೀಬೇಕ್ರಿ?"

"ಎಲ್ಲಿಗೂ ಇಲ್ಲ. ಬ್ರೇಕ್ ಒತ್ತಿ ಕುಂಡ್ರಬೇಕು. ಮತ್ತ ಆ ನಾಕ ಟೈರು ಮಾತ್ರ ಬದಲ ಮಾಡಬ್ಯಾಡ."

ಅಷ್ಟು ಹೇಳಿ ಅವನು ಚೀಲದಿಂದ ಒಂದು ದೊಡ್ಡ ಸ್ಟೀಲಿನ ಕೊಡ ತೆಗೆದ. ಅಂದಿನ ಎಳೆತಕ್ಕೆ ಊರವರು ಕೊಟ್ಟ ಇನಾಮು. ಅದರ ಮೇಲೆ ಹೆಸರು ಕೊರೆಯಬೇಕಿತ್ತು. ಏನೇನು ಬರೆಯಬೇಕೆಂದು ಹೇಮಪ್ಪ ಕಾಕಾ ಆಗಲೇ ಚೀಟಿಯಲ್ಲಿ ಬರೆದು ಕಳಿಸಿದ್ದರು. ಕುರ್ರ್ ಎಂದು ಮಷೀನು ಶುರುವಾಯಿತು. ನಂದೀಶ ದವಡೆ ಬಿಗಿಹಿಡಿದು ಒಂದೊಂದೇ ಅಕ್ಷರ ಕೊರೆದ. ಎತ್ತು: ಅಂದಪ್ಪ. ಟೈರು: ಹೇಮಪ್ಪ, ಕೊಟ್ರೇಶ, ಶೇಖಸಾಬ, ಸಾವಿತ್ರೆವ್ವ.

"ಕೆಳಗ ಜಾಗಾ ಉಳದೈತಲ್ಲ" ಎಂದ ಅಂದಪ್ಪಜ್ಜ ಬಗ್ಗಿ ನೋಡಿ, ಕರುಣೆಯಿಂದ. "ನಿನ್ನ ಹೆಸರೂ ಹಾಕ್ಕೋ ತಮ್ಮಾ, ಪಾಪ."

ನಂದೀಶ ಕೊರೆದ. ಬ್ರೇಕು: ನಂದೀಶ.